ದೀರ್ಘಕಾಲದ ನೋವೂ ಅದರ ಉಪಶಮನವೂ

ಮನುಷ್ಯರಿಗೆ ಬರುವ ನೋವುಗಳಲ್ಲಿ ಎರಡು ವಿಧಗಳುಂಟು. ಬೆಂಕಿಗೆ ಕೈ ತಗಲಿದಾಗ, ಕಾಲು ಉಳುಕಿದಾಗ, ಹಲ್ಲು ಹುಳುಕಾದಾಗ ಉಂಟಾಗುವ ನೋವು ಒಂದು ವಿಧದ್ದು. ಅದು ನಮಗೆ ಶತ್ರುವಲ್ಲ, ಕಾವಲುಗಾರ. ಅಪಾಯವನ್ನು ಕೂಗಿ ತಿಳಿಸಿ, ಗಾಯ ಮಾಯುತ್ತಲೇ ತನ್ನ ಕೆಲಸ ತೀರಿತೆಂದು ಅದು ಸುಮ್ಮನಾಗುತ್ತದೆ. ಇನ್ನೊಂದು ವಿಧದ ನೋವು ಹಾಗಲ್ಲ. ಗಾಯ ಮಾಯ್ದು ತಿಂಗಳುಗಳು ಕಳೆದರೂ, ಕೆಲವು ವೇಳೆ ಯಾವ ಗಾಯವೂ ಕಾಣದಿದ್ದರೂ, ಅದು ಸೊಂಟದಲ್ಲಿಯೋ ಕುತ್ತಿಗೆಯಲ್ಲಿಯೋ ತಲೆಯಲ್ಲಿಯೋ ಮನೆಮಾಡಿಕೊಂಡು ಕುಳಿತುಬಿಡುತ್ತದೆ. 3 ತಿಂಗಳಿಗೂ ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ಇಂಥ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಈ ಲೇಖನವು ಅದನ್ನು ಕುರಿತದ್ದಾಗಿದೆ.

ಶಾಲೆಯನ್ನು ಬಿಟ್ಟು ಸಂಸಾರಕ್ಕೂ ಉದ್ಯೋಗಕ್ಕೂ ಹೋದ ಸಹೋದರಿಯರಲ್ಲಿ ಎಷ್ಟೋ ಮಂದಿ ಈ ಭಾರವನ್ನು ಮೌನವಾಗಿ ಹೊರುತ್ತಿರುವರು. ದಿನವೆಲ್ಲಾ ನಿಂತು ಪಾಠ ಹೇಳುವ ಉಪಾಧ್ಯಾಯಿನಿ, ರಾತ್ರಿ ಪಾಳಿಯಲ್ಲಿ ರೋಗಿಗಳನ್ನು ಎತ್ತಿ ಕೂರಿಸುವ ದಾದಿ, ಕಂಪ್ಯೂಟರಿನ ಮುಂದೆ ಕುತ್ತಿಗೆ ಬಾಗಿಸಿ ಕುಳಿತವಳು, ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುವವಳು, ಒಂದು ಕೈಯಲ್ಲಿ ಕೂಸನ್ನೂ ಇನ್ನೊಂದು ಕೈಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೂ ನೋಡಿಕೊಳ್ಳುವವಳು, ಇವರೆಲ್ಲರೂ ಈ ನೋವನ್ನು ಬಲ್ಲವರೇ. ಕಡೆಗೊಂದು ದಿನ ಪರೀಕ್ಷೆಗಳಾಗುತ್ತವೆ. ರಕ್ತದಲ್ಲಿ ದೋಷವಿಲ್ಲ, ಎಲುಬಿನ ಚಿತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆಗ ಮನೆಯವರು, ಇದು ಕೆಲಸಕ್ಕೆ ಅಂಜಿ ಹೂಡಿದ ನೆಪವೆಂದು ತಿಳಿಯುತ್ತಾರೆ. ನೊಂದವಳಾದರೋ, ಯಾರಿಗೂ ಕಾಣದ ಘೋರವ್ಯಾಧಿಯೊಂದು ತನ್ನೊಳಗೆ ಅಡಗಿದೆಯೆಂದು ರಾತ್ರಿಯೆಲ್ಲಾ ಹೆದರುತ್ತಾಳೆ. ಬಹಳ ಸಂದರ್ಭಗಳಲ್ಲಿ ಈ ಎರಡೂ ತಪ್ಪು ತಿಳಿವಳಿಕೆಗಳೇ. ನೋವು ಸುಳ್ಳಲ್ಲ, ಆದರೆ ನೋವಿರುವಲ್ಲೆಲ್ಲಾ ಶರೀರ ಕೆಡುತ್ತಿದೆಯೆಂಬುದೂ ನಿಜವಲ್ಲ. ಇದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ.

17ನೆಯ ಶತಮಾನದಲ್ಲಿದ್ದ ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟನು ನೋವನ್ನು ಗಂಟೆಯ ಹಗ್ಗಕ್ಕೆ ಹೋಲಿಸಿದನು. ಕೆಳಗೆ ಹಗ್ಗವನ್ನು ಎಳೆದರೆ ಮೇಲೆ ಗಂಟೆ ಬಾರಿಸುವಂತೆ, ಕಾಲಿಗೆ ಪೆಟ್ಟಾದರೆ ಮಿದುಳಿನಲ್ಲಿ ನೋವು ಹುಟ್ಟುವುದೆಂದು ಅವನ ಮತ. ಬಹುಕಾಲ ವೈದ್ಯರೂ ಹೀಗೆಯೇ ಎಣಿಸಿದ್ದರು. ಹಾಗಾದರೆ ಪೆಟ್ಟು ಎಷ್ಟೋ ನೋವೂ ಅಷ್ಟೇ ಆಗಬೇಕಷ್ಟೆ? ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರನ್ನು ವಿಚಾರಿಸಿ, ಕಂಡದ್ದನ್ನು 1946ರಲ್ಲಿ ಪ್ರಕಟಿಸಿದರು. ನೋವಿಗೆ ಔಷಧ ಬೇಕೇ ಎಂದು ಕೇಳಿದಾಗ 4ರಲ್ಲಿ 3 ಪಾಲು ಜನ ಬೇಡವೆಂದರು. ಆ ಸೈನಿಕನಿಗೆ ಗಾಯವೆಂದರೆ ಜೀವಸಹಿತ ಯುದ್ಧದಿಂದ ಬಿಡುಗಡೆ. ಹೀಗೆ ಗಾಯದ ಅಳತೆಯಷ್ಟೇ ಅಲ್ಲದೆ, ಆ ಗಾಯಕ್ಕೆ ಮನಸ್ಸು ಕೊಡುವ ಅರ್ಥವೂ ನೋವನ್ನು ಏರಿಸಬಲ್ಲದು, ಇಳಿಸಬಲ್ಲದು ಎಂಬುದು ತಿಳಿದುಬಂತು.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೆ ಕಾರಣವನ್ನು ಸೂಚಿಸಿದರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ಏರ್ಪಾಡುಂಟು. ಕೆಳಗಿನಿಂದ ಬರುವ ಸುದ್ದಿಯನ್ನು ಅದು ಕೆಲವು ವೇಳೆ ಒಳಕ್ಕೆ ಬಿಡುವುದು, ಕೆಲವು ವೇಳೆ ತಡೆಯುವುದು. ಮಿದುಳು ಕೂಡಾ ಮೇಲಿನಿಂದ ಅದಕ್ಕೆ ಅಪ್ಪಣೆ ಕೊಡುವುದು ಎಂದು ಅವರು ಹೇಳಿದರು. ಆ ಸಿದ್ಧಾಂತದ ವಿವರಗಳನ್ನು ಮುಂದೆ ತಿದ್ದಬೇಕಾಯಿತಾದರೂ ಅದರ ತಿರುಳು ನಿಂತಿದೆ. ನೋವಿನ ಸುದ್ದಿಯನ್ನು ಮತ್ತೆ ಮತ್ತೆ ಹೊತ್ತ ನರಮಂಡಲವು ಅತಿ ಸೂಕ್ಷ್ಮವಾಗಿ, ಅಲ್ಪ ಕಾರಣಕ್ಕೂ ಕೂಗಿಕೊಳ್ಳುವುದೆಂದು 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಎಂಬುವರು ತೋರಿಸಿಕೊಟ್ಟರು. ಒಮ್ಮೆ ಕಳ್ಳನನ್ನು ಕಂಡ ಮನೆಯ ನಾಯಿ ಆಮೇಲೆ ತೆಂಗಿನ ಗರಿ ಅಲುಗಿದರೂ ಬೊಗಳುವುದಿಲ್ಲವೇ? ಬೊಗಳುವುದು ಸುಳ್ಳಲ್ಲ, ಆದರೆ ಅಂಗಳದಲ್ಲಿ ಕಳ್ಳನಿಲ್ಲ. ದೀರ್ಘಕಾಲದ ನೋವಿನಲ್ಲಿ ಬಹಳಷ್ಟು ಈ ಜಾತಿಯದು. ಅಂಥ ನಾಯಿಯನ್ನು ಹೊಡೆದು ಸುಮ್ಮನಾಗಿಸಲಾಗದು. ಭಯಕ್ಕೆ ಕಾರಣವಿಲ್ಲವೆಂದು ಅದಕ್ಕೆ ಮೆಲ್ಲನೆ ರೂಢಿಮಾಡಿಸಬೇಕು.

ಆದರೆ ಅಂಗಳದಲ್ಲಿ ಕಳ್ಳನಿಲ್ಲವೆಂದು ಮೊದಲು ನೋಡಿಕೊಳ್ಳುವುದು ಅವಶ್ಯ. ಆದುದರಿಂದ ವೈದ್ಯರಿಗೆ ತೋರಿಸುವುದೇ ಮೊದಲನೆಯ ಕರ್ತವ್ಯ. ನೋವಿನೊಂದಿಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನಲ್ಲಿ ಬಲಹೀನತೆ, ಹಠಾತ್ತಾಗಿ ಬಂದ ಅತಿ ತೀವ್ರ ತಲೆನೋವು, ಎದೆನೋವು, ಬೆಳಿಗ್ಗೆ ಕೀಲುಗಳು ಊದಿಕೊಂಡು ಬಹಳ ಹೊತ್ತು ಬಿಗಿದಿರುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬಾರದು. ಸೊಂಟನೋವಿನೊಡನೆ ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ತಪ್ಪಿದರೆ, ಅಥವಾ ಮೂತ್ರವು ಹಿಡಿತಕ್ಕೆ ಬಾರದಿದ್ದರೆ, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ಸಂಧಿವಾತ, ಗರ್ಭಾಶಯದ ವ್ಯಾಧಿಗಳು ಮುಂತಾದವುಗಳಿಗೆ ಅವುಗಳದೇ ಆದ ಚಿಕಿತ್ಸೆಯುಂಟು. ಮನಶ್ಶಾಂತಿಯು ಆ ಚಿಕಿತ್ಸೆಗೆ ನೆರವಾದೀತೇ ಹೊರತು ಅದರ ಸ್ಥಾನವನ್ನು ತೆಗೆದುಕೊಳ್ಳಲಾರದು.

ಇನ್ನು ಮನಸ್ಸಿನ ಸಂಗತಿ. ಭಯ, ಅಡಗಿಸಿಟ್ಟ ಕೋಪ, ಹೇಳಿಕೊಳ್ಳದ ದುಃಖ, ಒಂಟಿತನ, ಇವು ನೋವಿಗೆ ಆಹಾರವಾಗುತ್ತವೆ. ನೋವು ನಿದ್ರೆಯನ್ನು ಕೆಡಿಸುವುದು, ನಿದ್ರೆಗೆಟ್ಟವಳು ಬೇಗನೆ ಸಿಡುಕುವಳು, ಸಿಡುಕಿ ಪಶ್ಚಾತ್ತಾಪಪಡುವಳು, ಆ ತಳಮಳದಿಂದ ಸ್ನಾಯುಗಳು ಬಿಗಿದು ನೋವು ಹೆಚ್ಚುವುದು. ಗಾಣದ ಎತ್ತಿನಂತೆ ಹೀಗೆ ಸುತ್ತುತ್ತಿರುವಾಗ, ಯಾವ ಒಂದು ಕಡೆಯಲ್ಲಿ ಸರಪಳಿಯನ್ನು ಸಡಿಲಿಸಿದರೂ ಉಳಿದದ್ದು ಕೊಂಚ ಸಡಿಲವಾಗುವುದು. ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದವರು ಬಹುಕಾಲದ ಬೆನ್ನುನೋವಿನ 151 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗವೊಂದು 2022ರಲ್ಲಿ ಪ್ರಕಟವಾಯಿತು. ನೋವೆಂದರೆ ಶರೀರದ ನಾಶವಲ್ಲವೆಂದು ತಿಳಿಸಿ, ಭಯವನ್ನು ನೀಗಿಸಿ, ಒಳಗಿನ ಭಾವನೆಗಳನ್ನು ಎದುರಿಸಲು ಕಲಿಸಿದ ಗುಂಪಿನಲ್ಲಿ, 4 ವಾರಗಳ ತರುವಾಯ 100ಕ್ಕೆ 66 ಮಂದಿ ನೋವಿಲ್ಲದವರು ಅಥವಾ ಬಹುಮಟ್ಟಿಗೆ ಇಲ್ಲದವರಾದರು. ಬರಿಯ ಉಪ್ಪುನೀರಿನ ಸೂಜಿಮದ್ದು ಪಡೆದವರಲ್ಲಿ 20, ಎಂದಿನ ಚಿಕಿತ್ಸೆಯನ್ನೇ ಮುಂದುವರಿಸಿದವರಲ್ಲಿ 10 ಮಂದಿಗೆ ಮಾತ್ರ ಅಷ್ಟು ಗುಣವಾಯಿತು. ಒಂದೇ ಪ್ರಯೋಗದಿಂದ ಎಲ್ಲವನ್ನೂ ನಿಶ್ಚಯಿಸಲಾಗದಾದರೂ, ಆಶೆಗೆ ಆಧಾರವುಂಟೆಂದು ಹೇಳಬಹುದು.

ಹಾಗಾದರೆ ಮನೆಯಲ್ಲಿದ್ದುಕೊಂಡೇ ಮಾಡತಕ್ಕದ್ದೇನು?

ಮೊದಲನೆಯದಾಗಿ, ಚಲನೆ. ನೋವೆಂದು ವಾರಗಟ್ಟಲೆ ಹಾಸಿಗೆಯಲ್ಲಿ ಬಿದ್ದುಕೊಳ್ಳುವುದರಿಂದ ಸ್ನಾಯುಗಳು ಕ್ಷೀಣಿಸಿ ನೋವು ಬಲವಾಗುವುದು. ಹೊಸದಾಗಿ ಬಂದ ಸೊಂಟನೋವಿಗೆ 7 ದಿನಗಳ ವಿಶ್ರಾಂತಿಯು 2 ದಿನಗಳ ವಿಶ್ರಾಂತಿಗಿಂತ ಹೆಚ್ಚೇನೂ ಗುಣಕೊಡದೆಂದು 1986ರಷ್ಟು ಹಿಂದೆಯೇ ಪ್ರಯೋಗದಿಂದ ಗೊತ್ತಾಗಿದೆ. 10 ನಿಮಿಷ ನಡೆದರೆ ನೋಯುವುದಾದರೆ 5 ನಿಮಿಷ ನಡೆಯಲಿ. ಆದರೆ ದಿನಾಲೂ ನಡೆಯಲಿ. ವಾರಕ್ಕೆ ಒಂದೆರಡು ನಿಮಿಷ ಹೆಚ್ಚಿಸಿದರೂ ಸಾಕು.

ಎರಡನೆಯದಾಗಿ, ಕೆಲಸದಲ್ಲಿ ಮಿತಿ. ನಮ್ಮ ಸ್ತ್ರೀಯರ ಒಂದು ರೂಢಿಯುಂಟು. ನೋವು ಸ್ವಲ್ಪ ತಗ್ಗಿದ ದಿನ, ಉಳಿದ ಕೆಲಸವನ್ನೆಲ್ಲಾ ಒಂದೇ ಉಸಿರಿಗೆ ಮುಗಿಸಿಬಿಡುವುದು. ಮರುದಿನದಿಂದ 3 ದಿನ ಏಳಲಾರದೆ ಮಲಗುವುದು. ಹಬ್ಬವೋ ಮದುವೆಯೋ ಬಂದರಂತೂ ಹೇಳಬೇಕಾದದ್ದಿಲ್ಲ. ಹೀಗೆ ಮಾಡದೆ, ಒಳ್ಳೆಯ ದಿನವೂ ಕೆಟ್ಟ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕೆಲಸ ಮಾಡಿ, ನೋವು ನಿಲ್ಲಿಸುವ ಮೊದಲೇ ತಾನಾಗಿ ನಿಂತು ಕೊಂಚ ಕುಳಿತುಕೊಳ್ಳುವುದು ವಿವೇಕ. ಇದಕ್ಕೆ ಮನೆಯವರ ಸಮ್ಮತಿಯೂ ಬೇಕು.

ಮೂರನೆಯದಾಗಿ, ನಿದ್ರೆ. ರಾತ್ರಿ ಹೇಗೆಯೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನದ ಮೇಲೆ ಕಾಫಿ ಚಹಾಗಳನ್ನು ಬಿಡುವುದು, ಮಲಗುವ ಕೋಣೆಯಿಂದ ಮೊಬೈಲ್ ದೂರವಾಣಿಯನ್ನು ಹೊರಗಿಡುವುದು, ಇವು ಸಾಮಾನ್ಯವೆಂದು ತೋರಿದರೂ ಫಲಕಾರಿಗಳು.

ನಾಲ್ಕನೆಯದಾಗಿ, ಗುಳಿಗೆಗಳ ವಿಷಯದಲ್ಲಿ ಎಚ್ಚರ. ತಿಂಗಳಲ್ಲಿ 15 ದಿನಗಳು ಅಥವಾ ಅದಕ್ಕೂ ಹೆಚ್ಚಾಗಿ, 3 ತಿಂಗಳಿಗೂ ಮೀರಿ ತಲೆನೋವಿನ ಸಾಮಾನ್ಯ ಗುಳಿಗೆಗಳನ್ನು ನುಂಗುತ್ತಿದ್ದರೆ, ಆ ಗುಳಿಗೆಯೇ ತಲೆನೋವನ್ನು ತರತೊಡಗುವುದು. ನೋವು ನಿವಾರಕಗಳಲ್ಲಿ ಕೆಲವು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಕರ. ಅಂಗಡಿಯಿಂದ ತಂದು ತಾವೇ ನುಂಗುವುದೂ ಸಲ್ಲದು. ವೈದ್ಯರು ಕೊಟ್ಟದ್ದನ್ನು ಅವರನ್ನು ಕೇಳದೆ ತಟ್ಟನೆ ಬಿಡುವುದೂ ಸಲ್ಲದು.

ಐದನೆಯದಾಗಿ, ಹೃದಯದ ಭಾರವನ್ನು ಇಳಿಸುವುದು. ನಂಬಿಗಸ್ಥಳಾದ ಒಬ್ಬ ಗೆಳತಿಯೊಡನೆ ಮನಬಿಚ್ಚಿ ಮಾತನಾಡುವುದು ಬಹು ದೊಡ್ಡ ಔಷಧ. ಹೇಳಲು ಯಾರೂ ಇಲ್ಲದವಳು ಕಾಗದದ ಮೇಲೆ ಬರೆಯಬಹುದು. ಜೇಮ್ಸ್ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ 4 ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಅತ್ಯಂತ ನೋಯಿಸಿದ ಅನುಭವವನ್ನು ಕುರಿತು ಬರೆಯಹೇಳಿದರು. ನಡೆದದ್ದನ್ನೂ ತಮಗೆ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆಯೆಂದು 1986ರಲ್ಲಿ ಅವರು ಪ್ರಕಟಿಸಿದರು. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಹರಿದುಹಾಕಿದರೂ ಆಯಿತು. ಆದರೆ ಬರೆಯುವಾಗ ದುಃಖವು ತಡೆಯಲಾರದಷ್ಟಾದರೆ ನಿಲ್ಲಿಸಿ, ಬಲ್ಲವರ ಸಹಾಯವನ್ನು ಕೇಳಬೇಕು. ಮನೋವೈದ್ಯರ ಬಳಿಗೆ ಹೋಗುವುದು ಹುಚ್ಚಿನ ಗುರುತೆಂಬ ಹಳೆಯ ಲಜ್ಜೆ ಇನ್ನು ಬೇಡ. 2022ರಲ್ಲಿ ಭಾರತ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರ ಕರ್ತವ್ಯವನ್ನು ಹೇಳದೆ ಈ ವಿಷಯವು ಪೂರ್ತಿಯಾಗದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿದ್ದು, ತರುವಾಯ ವೈದ್ಯೆಯಾದವರು. ಮರಣಾಸನ್ನರ ಹಾಸಿಗೆಯ ಬಳಿ ಕುಳಿತು ಅವರ ಮಾತುಗಳನ್ನು ಕೇಳಿ ಕೇಳಿ, ನೋವು ಶರೀರದ್ದು ಮಾತ್ರವಲ್ಲ, ಮನಸ್ಸಿನದೂ ಸಂಸಾರದ್ದೂ ಆತ್ಮದ್ದೂ ಕೂಡಿದ ಸಮಗ್ರ ನೋವೆಂದು ಅವರು ತಿಳಿಸಿದರು. ರೋಗಿಯ ಮಾತನ್ನು ನಂಬುವುದರಿಂದಲೇ ಅವರ ಶುಶ್ರೂಷೆ ಆರಂಭವಾಗುತ್ತಿತ್ತು. ನಮ್ಮ ಮನೆಗಳಿಗೂ ಇದು ಸಲ್ಲುತ್ತದೆ. ನೋಯುತ್ತಿದೆಯೆಂದು ಹೇಳುವವಳನ್ನು ಮೊದಲು ನಂಬಿರಿ. ಗಳಿಗೆಗೊಮ್ಮೆ ನೋವು ಹೇಗಿದೆಯೆಂದು ಕೇಳುವುದಕ್ಕಿಂತ, ಸಂಜೆ ಅವಳ ಜೊತೆಯಲ್ಲಿ ನಡೆಯಲು ಹೊರಡುವುದು ಮೇಲು. ಮರುಕದ ಮಾತಿಗಿಂತ ನೀರಿನ ಕೊಡವನ್ನು ತಾನೇ ಎತ್ತಿಡುವುದು ಮೇಲು.

ತಂದೆತಾಯಿಗಳಿಗೆ ವಿಶೇಷವಾಗಿ ಒಂದು ಮಾತು. ಪರೀಕ್ಷೆ ಹತ್ತಿರವಾದಾಗ ಹೊಟ್ಟೆನೋವೆನ್ನುವ ಹುಡುಗಿಯನ್ನು ಕಳ್ಳಿಯೆಂದು ಗದರಿಸಬೇಡಿರಿ. ಅವಳ ನೋವು ನಿಜವಾದದ್ದೇ. ವೈದ್ಯರಿಗೆ ತೋರಿಸಿ, ಮನಸ್ಸಿನಲ್ಲಿ ಏನು ಕೊರೆಯುತ್ತಿದೆಯೆಂದು ಮೆಲ್ಲನೆ ಕೇಳಿ, ಧೈರ್ಯ ಹೇಳಿ ಶಾಲೆಗೆ ಕಳುಹಿಸಿರಿ. ಪ್ರತಿ ತಿಂಗಳೂ ಮುಟ್ಟಿನ ದಿನಗಳಲ್ಲಿ ಶಾಲೆಯನ್ನು ತಪ್ಪಿಸುವಷ್ಟು ನೋವಾಗುತ್ತಿದ್ದರೆ, ಹೆಣ್ಣಾದ ಮೇಲೆ ಸಹಿಸಬೇಕೆಂದು ಹೇಳಿ ಬಾಯಿ ಮುಚ್ಚಿಸಬೇಡಿರಿ. ಅಂಥ ನೋವಿನ ಹಿಂದೆ ಕೆಲವು ವೇಳೆ ಚಿಕಿತ್ಸೆ ಬೇಕಾದ ವ್ಯಾಧಿಯಿರುವುದುಂಟು. ಯಾರೂ ನಂಬದ ಕಾರಣದಿಂದಲೇ ಅದು ವರುಷಗಟ್ಟಲೆ ಹೊರಬೀಳದೆ ಉಳಿಯುತ್ತದೆ.

ಮೇಲೆ ಹೇಳಿದ ಅಭ್ಯಾಸಗಳು ಒಂದು ದಿನದಲ್ಲಿ ಫಲಕೊಡುವಂಥವಲ್ಲ. ಕೆಲವರಿಗೆ ನೋವು ಪೂರ್ಣವಾಗಿ ಹೋಗುವುದು, ಅನೇಕರಿಗೆ ಕಡಿಮೆಯಾಗುವುದು, ಕೆಲವರಿಗೆ ಉಳಿದೇ ಇರುವುದು. ಉಳಿದವರಲ್ಲಿಯೂ, ಬಿಟ್ಟುಬಿಟ್ಟಿದ್ದ ಹೊಲಿಗೆಯನ್ನು ತಿರುಗಿ ಕೈಗೆತ್ತಿಕೊಂಡವಳು, ಮೊಮ್ಮಗುವನ್ನು ಎತ್ತಿಕೊಳ್ಳಲು ಅಂಜದವಳು, ರಾತ್ರಿ 5 ತಾಸು ನೆಮ್ಮದಿಯಾಗಿ ನಿದ್ರಿಸಿದವಳು ಬಹಳವನ್ನು ಗಳಿಸಿದವಳೇ ಸರಿ. ಆದುದರಿಂದ ನೊಂದ ಸಹೋದರಿಯರು ನೋವು ಎಷ್ಟು ಇಳಿಯಿತೆಂದು ದಿನವೂ ಅಳೆಯುತ್ತಾ ಕೂಡದೆ, ಜೀವನದಲ್ಲಿ ಯಾವುದು ತಿರುಗಿ ಬಂತೆಂದು ಎಣಿಸುತ್ತಾ ಹೋಗಲಿ.