ಹಳೆಯ ಗಣಕಯಂತ್ರದ ನಿಧಾನಗತಿ

ಹಳೆಯ ಗಣಕಯಂತ್ರದ ನಿಧಾನಗತಿ ಎಂದರೆ ಮೊದಲು ಸುಗಮವಾಗಿ ಕಾರ್ಯನಿರ್ವಹಿಸುತ್ತಿದ್ದ ಗಣಕಯಂತ್ರವು ಕೆಲವು ವರ್ಷಗಳ ಬಳಿಕ ಅದೇ ಕೆಲಸಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುವ ಸ್ಥಿತಿ. ಪ್ರೊಸೆಸರ್ ಹಳೆಯದಾದ ಮಾತ್ರಕ್ಕೆ ಅದರ ವೇಗ ಗಮನಾರ್ಹವಾಗಿ ಕುಂದುವುದಿಲ್ಲ. ಕಾರಣವು ಸಾಮಾನ್ಯವಾಗಿ ಮೆಮೊರಿ, ಡಿಸ್ಕ್ ಅಥವಾ ಉಷ್ಣತೆಯಲ್ಲಿರುತ್ತದೆ.

ಕಾರಣಗಳು

ಮೆಮೊರಿ ಕೊರತೆ: ಹೊಸ ಆವೃತ್ತಿಯ ತಂತ್ರಾಂಶಗಳಿಗೆ ಹೆಚ್ಚು ರ್‍ಯಾಮ್ ಬೇಕಾಗುತ್ತದೆ. ರ್‍ಯಾಮ್ ತುಂಬಿದಾಗ ಕಾರ್ಯಾಚರಣಾ ವ್ಯವಸ್ಥೆಯು ಅದರಲ್ಲಿನ ದತ್ತಾಂಶದ ಒಂದು ಭಾಗವನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ರ್‍ಯಾಮ್‌ನಿಂದ ಓದಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕ್‌ಗೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಒಂದು ಲಕ್ಷ ಪಟ್ಟು ಸಮಯ ಬೇಕು. ಈ ಸಾಗಣೆಯಲ್ಲೇ ಬಹುಪಾಲು ಸಮಯ ಕಳೆಯುವ ಸ್ಥಿತಿಗೆ ಥ್ರ್ಯಾಶಿಂಗ್ ಎಂದು ಹೆಸರು. ಪೀಟರ್ ಡೆನ್ನಿಂಗ್ 1968ರಲ್ಲಿ ಇದರ ಕಾರಣಗಳನ್ನು ವಿಶ್ಲೇಷಿಸಿದರು.

ಡಿಸ್ಕ್ ದೋಷ: ಹಾಳಾಗುತ್ತಿರುವ ಭಾಗಗಳನ್ನು ಹಾರ್ಡ್ ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ.

ಅಧಿಕ ಉಷ್ಣತೆ: ಫ್ಯಾನ್‌ಗೆ ದೂಳು ಕಟ್ಟಿದರೆ ಪ್ರೊಸೆಸರ್ ಬಿಸಿಯಾಗಿ, ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಪತ್ತೆಹಚ್ಚುವಿಕೆ

ವಿಂಡೋಸ್‌ನಲ್ಲಿರುವ ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕ್‌ಗಳ ಬಳಕೆಯನ್ನು ಶೇಕಡಾವಾರು ತೋರಿಸುತ್ತದೆ. ಮೆಮೊರಿ, ಡಿಸ್ಕ್ ಎರಡರ ಬಳಕೆಯೂ ಮಿತಿ ಮುಟ್ಟಿದ್ದರೆ ಥ್ರ್ಯಾಶಿಂಗ್ ಸಂಭವ ಹೆಚ್ಚು. ಮೆಮೊರಿ ಸಾಕಷ್ಟು ಉಳಿದಿದ್ದು, ಡಿಸ್ಕ್ ಮಾತ್ರ ಬಹುಹೊತ್ತು 100% ತೋರಿಸುತ್ತಿದ್ದರೆ ಡಿಸ್ಕ್ ದೋಷವನ್ನು ಶಂಕಿಸಬಹುದು. ಭಾರವಾದ ಕೆಲಸ ಆರಂಭಿಸಿದ ಕೆಲವು ನಿಮಿಷಗಳ ನಂತರವಷ್ಟೇ ವೇಗ ಕುಸಿದರೆ ಅದು ಉಷ್ಣತೆಯ ಲಕ್ಷಣ.

ಪರಿಹಾರ

ಡಿಸ್ಕ್ ದೋಷದ ಶಂಕೆಯಿದ್ದಲ್ಲಿ ಬೇರಾವುದೇ ದುರಸ್ತಿಗೆ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳಬೇಕು. ಡಿಸ್ಕ್ ಪೂರ್ಣ ಕೆಟ್ಟರೆ ಅವು ಮರಳಿ ಸಿಗದಿರಬಹುದು. ಉಳಿದ ಸಂದರ್ಭಗಳಲ್ಲಿ ರ್‍ಯಾಮ್ ಹೆಚ್ಚಿಸುವುದು, ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸುವುದು ಅಥವಾ ದೂಳು ತೆಗೆಯುವುದರಿಂದ ಹಳೆಯ ಯಂತ್ರವನ್ನೇ ಮತ್ತಷ್ಟು ಕಾಲ ಬಳಸಬಹುದು.