ನಿತ್ಯ ಹದಿನೈದು ನಿಮಿಷಗಳ ಮಾಹಿತಿ ಓದು: ಶಾಲಾ ವರ್ಷದ ಯೋಜನೆ



ಕಥೆಯನ್ನು ಸರಾಗವಾಗಿ ಓದುವ ಮಗುವೂ ಪರಿಸರ ಅಧ್ಯಯನದ ಕೋಷ್ಟಕ, ನಕ್ಷೆಗಳ ಮುಂದೆ ತಡವರಿಸುವುದುಂಟು. ಕಥೆಯಲ್ಲಿ ಮುಂದೇನೆಂಬ ಕುತೂಹಲವೇ ಓದನ್ನು ಎಳೆದೊಯ್ಯುತ್ತದೆ. ಮಾಹಿತಿ ಬರಹದಲ್ಲಿ ಶೀರ್ಷಿಕೆ, ಚಿತ್ರದಡಿಯ ಸಾಲು, ಅಂಕಿಗಳನ್ನು ಜೋಡಿಸಿ ಅರ್ಥ ಗ್ರಹಿಸಬೇಕಾಗುತ್ತದೆ. ಇದಕ್ಕೆ ನಿತ್ಯಾಭ್ಯಾಸ ಅಗತ್ಯ.

ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕಲಿಕಾ ದಿನಗಳಿರಬೇಕು. ದಿನಕ್ಕೆ 15 ನಿಮಿಷವೆಂದರೆ 50 ಗಂಟೆಗಳಾಗುತ್ತವೆ, ಅಲ್ಪವೇನಲ್ಲ. ವಿಷಯಗಳನ್ನು ಋತುಮಾನಕ್ಕೆ ಹೊಂದಿಸುವುದು ಸೂಕ್ತ: ಜೂನ್‌ನಲ್ಲಿ ಮಳೆ, ಕಪ್ಪೆ, ಮಳೆಮಾಪಕ, ದಸರಾ ರಜೆಯ ನಂತರ ಬೆಳೆ, ಕೀಟ, ಜನವರಿಯಿಂದ ಕೆರೆ, ಕುಡಿಯುವ ನೀರು, ಆರೋಗ್ಯ. ಸೋಮವಾರ ಶಿಕ್ಷಕರು ಓದಿ ಹೇಳಲಿ, ನಡುವಿನ ದಿನಗಳಲ್ಲಿ ಮಕ್ಕಳು ಜೋಡಿಯಾಗಿ ಓದಲಿ, ಶನಿವಾರ ತಾವು ತಿಳಿದ ಒಂದು ಸಂಗತಿಯನ್ನು ಬರೆದು ಗೋಡೆಗೆ ಅಂಟಿಸಲಿ. ನಲಿ-ಕಲಿ ತರಗತಿಗಳಲ್ಲಿ ಓದಿ ಹೇಳುವ ದಿನಗಳೇ ಹೆಚ್ಚಿರಬೇಕು.

ಪುಸ್ತಕಗಳಿಗೆ ನಮ್ಮ ಅರಿವು ಕೇಂದ್ರಗಳಿವೆ. ಮೂವತ್ತು ಪುಸ್ತಕಗಳ ಒಂದೊಂದು ಪೆಟ್ಟಿಗೆಯನ್ನು ಪ್ರತಿ ತಿಂಗಳು ಶಾಲೆಯಿಂದ ಶಾಲೆಗೆ ಬದಲಾಯಿಸಿದರೆ ಹೊಸ ಖರೀದಿ ಕಡಿಮೆಯಾಗುತ್ತದೆ. ಮಾರ್ಚ್ ಅಂತ್ಯದಲ್ಲಿ ಅನುದಾನ ಮುಗಿಸಲೆಂದೇ ಕೊಂಡ ಪುಸ್ತಕಗಳು ಬೀರುವಿನಲ್ಲಿ ಉಳಿಯುವುದನ್ನು ನಾವೆಲ್ಲರೂ ಬಲ್ಲೆವು. ಆದ್ದರಿಂದ ಆಯ್ಕೆಯು ಬೇಸಿಗೆ ರಜೆಗೆ ಮುನ್ನ, ಶಿಕ್ಷಕರ ಸಮ್ಮುಖದಲ್ಲಿ ನಡೆಯಲಿ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತೆರಳಿದಾಗ ದಾಸ್ತಾನು ವಹಿಯೊಂದಿಗೆ ಆ ವಾರದ ಗೋಡೆ ಬರಹವನ್ನೂ ತಾವು ಪರಿಶೀಲಿಸಬೇಕೆಂದು ಕೋರಿದೆ.