ಮನೆಯ ಇಂಟರ್‌ನೆಟ್ಟಿಗೆ ಕಾವಲು

2020ನೆಯ ಇಸವಿಯಲ್ಲಿ ಕೊರೋನಾ ನಿಮಿತ್ತವಾಗಿ ಶಾಲೆಗಳು ಮುಚ್ಚಲ್ಪಟ್ಟಾಗ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅನೇಕ ಪಾಲಕರು ಮಕ್ಕಳ ಪಾಠಕ್ಕಾಗಿ ಮನೆಗೆ ಇಂಟರ್‌ನೆಟ್ ಹಾಕಿಸಿದರು. ಈಗ ಅದೇ ಪೆಟ್ಟಿಗೆಯ ಮೇಲೆ ಮಗಳ ಅಭ್ಯಾಸ, ತಂದೆಯ ಬ್ಯಾಂಕು ವ್ಯವಹಾರ, ಪಡಸಾಲೆಯ ಕ್ಯಾಮರಾ ಎಲ್ಲವೂ ನಡೆದಿರುವವು. ಆದದರಿಂದ ಯಾವ ಫೈರ್‌ವಾಲ್ ಕೊಳ್ಳಬೇಕೆಂದು ಪಾಲಕರೂ ಹಳೆಯ ವಿದ್ಯಾರ್ಥಿನಿಯರೂ ನಮ್ಮನ್ನು ಕೇಳುವದುಂಟು.

ಫೈರ್‌ವಾಲ್ ಎಂದರೆ ಬೆಂಕಿಯನ್ನು ತಡೆಯುವ ಗೋಡೆ ಎಂದು ಶಬ್ದಾರ್ಥ. ಅದರ ಕೆಲಸವನ್ನು ನೋಡಿದರೆ ನಮ್ಮ ಕಡೆಯ ಊರ ಅಗಸೆಯ ನೆನಪಾಗುವದು. ಒಳಗಿನವರು ಹೋಗಿ ಬರಬಹುದು. ಕರೆಯದೆ ಬಂದವನು ಹೊರಗೇ ನಿಲ್ಲಬೇಕು. ಮನೆಯ ರೌಟರು ಸಾಧಾರಣವಾಗಿ ಇದನ್ನೇ ಮಾಡುತ್ತಿರುವದು: ಒಳಗಿನಿಂದ ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆಯುವದು. ವಿಂಡೋಸ್ ಕಂಪ್ಯೂಟರಿನಲ್ಲಿಯೂ 2004ರಿಂದ ಒಂದು ಫೈರ್‌ವಾಲ್ ತಾನಾಗಿಯೇ ಚಾಲೂ ಇರುವದು. ಅದನ್ನು ಆರಿಸದಿದ್ದರೆ ಸಾಕು. ಆದಕಾರಣ ಸಾಮಾನ್ಯ ಮನೆಗೆ ಬೇರೊಂದು ಯಂತ್ರದ ಅವಶ್ಯಕತೆಯು ನಮಗೆ ಕಾಣುವದಿಲ್ಲ. ಆ ಹಣದಿಂದ ಮಗಳಿಗೆ ಪುಸ್ತಕಗಳನ್ನು ತರಬಹುದು.

ಅಗಸೆಯಿದ್ದೂ ಬೀಗದ ಕೈಯನ್ನು ಅದರ ಮೇಲೆಯೇ ತೂಗಹಾಕಿದರೆ ಉಪಯೋಗವೇನು? ಕಾರಖಾನೆಯವರು ಹಾಕಿಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಡುವದು ಇಂಥದೇ. 2016ರಲ್ಲಿ ಮಿರಾಯಿ ಎಂಬ ದುಷ್ಟ ಪ್ರೋಗ್ರಾಮು ಇಂಥ ಪಾಸ್‌ವರ್ಡುಗಳಲ್ಲಿ ಸುಮಾರು ಅರವತ್ತನ್ನು ಮಾತ್ರ ಪ್ರಯೋಗಿಸಿ ಲಕ್ಷಗಟ್ಟಲೆ ಕ್ಯಾಮರಾ, ರೌಟರುಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳನ್ನು ಒಟ್ಟಾಗಿ ನುಗ್ಗಿಸಿದ್ದರಿಂದ ಅಮೆರಿಕೆಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಕೆಲವು ತಾಸು ನಿಂತುಹೋದವು. ಕ್ಯಾಮರಾಗಳ ಒಡೆಯರಿಗೆ ಇದರ ಸುಳಿವೂ ಇರಲಿಲ್ಲ. ಹೆಣ್ಣುಮಕ್ಕಳಿರುವ ಮನೆಯ ಪಡಸಾಲೆಯಲ್ಲಿ ಕ್ಯಾಮರಾ ಇಡುವವರು ಇದನ್ನು ವಿಶೇಷವಾಗಿ ಯೋಚಿಸತಕ್ಕದ್ದು.

ರೌಟರು ಹಳೆಯದಾಗಿ, ತಯಾರಕರು ಅದಕ್ಕೆ ತಿದ್ದುಪಡಿಗಳನ್ನು ಕಳುಹಿಸುವದನ್ನು ನಿಲ್ಲಿಸಿದ್ದರೆ ಹೊಸದನ್ನು ಕೊಳ್ಳುವದು ಯುಕ್ತ. ಆಗ ಬೆಲೆಗಿಂತ ಮೊದಲು ನೋಡತಕ್ಕದ್ದೇನೆಂದರೆ, ತಿದ್ದುಪಡಿಗಳು ಎಷ್ಟು ವರ್ಷ ಬರುವವು, ವೈ-ಫೈಗೆ ಡಬ್ಲ್ಯುಪಿಎ3 ಇದೆಯೋ, ಅತಿಥಿಗಳಿಗಾಗಿ ಬೇರೆ ವೈ-ಫೈ ಮಾಡಬಹುದೋ ಎಂಬದು. ಕ್ಯಾಮರಾವನ್ನು ಆ ಅತಿಥಿ ವೈ-ಫೈಗೇ ಜೋಡಿಸಿರಿ. ಅದು ಕೆಟ್ಟವರ ಕೈ ಸೇರಿದರೂ ಮಗಳ ಕಂಪ್ಯೂಟರಿಗೆ ದಾರಿ ಸಿಕ್ಕದು. ಐಪಿವಿ6 ಎಂಬ ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಉಪಕರಣಕ್ಕೂ ಸ್ವಂತ ವಿಳಾಸವಿರುವದರಿಂದ ಅದರ ಫೈರ್‌ವಾಲ್ ಚಾಲೂ ಇದೆಯೋ ಎಂದು ಕೂಡ ನೋಡಬೇಕು. ಯುಪಿಎನ್‌ಪಿ ಎಂಬದು ಒಳಗಿನ ಉಪಕರಣಗಳು ತಾವಾಗಿಯೇ ಕದ ತೆರೆದುಕೊಳ್ಳುವ ಸವಲತ್ತು, ಬೇಡವಾದರೆ ಮುಚ್ಚಿಬಿಡಿರಿ. ಯಂತ್ರಕ್ಕೆ ಆಗಲೇ ಸೋಂಕು ತಗಲಿದೆಯೆಂಬ ಸಂಶಯವಿದ್ದರೆ ಭಾರತ ಸರಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಪುಕ್ಕಟೆ ಸಾಧನಗಳುಂಟು.

ಒಳಗಿನವರೇ ಕದ ತೆರೆದು ಕರೆದರೆ ಯಾವ ಫೈರ್‌ವಾಲೂ ತಡೆಯಲಾರದು. ಬ್ಯಾಂಕಿನವನೆಂದು ಹೇಳಿ ಓಟಿಪಿ ಕೇಳಿದವನಿಗೆ ಅದನ್ನು ಹೇಳುವವರು ಹೆಚ್ಚಾಗಿ ಹಿರಿಯರೇ ಎಂದು ನಮಗೆ ತೋರುತ್ತದೆ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ. ಹೀಗಿರಲು, ಕಾವಲಿನ ಹೆಸರಿನಲ್ಲಿ ಮಗಳ ಕೈಯಿಂದ ಮೊಬೈಲನ್ನು ಕಸಿದುಕೊಂಡು ಅಣ್ಣತಮ್ಮಂದಿರಿಗೆ ಮಾತ್ರ ಬಿಡುವ ಮನೆಗಳನ್ನು ಕಂಡರೆ ನಮಗೆ ವ್ಯಸನವಾಗುವದು. ಅಪಾಯವು ಹಾಗೆಯೇ ಉಳಿಯುವದು, ನಿಲ್ಲುವದು ಅವಳ ಓದು ಮಾತ್ರ. ಬದಲಾಗಿ ರೌಟರಿನ ಪಾಸ್‌ವರ್ಡು ಬದಲಿಸುವ ಕೆಲಸವನ್ನು ಅವಳಿಗೇ ವಹಿಸಿರಿ. ಪೆಟ್ಟಿಗೆಯನ್ನು ತಿರುವಿದರೆ ಅಡಿಯ ಚೀಟಿಯಲ್ಲಿ 192.168.1.1 ಎಂಬಂಥ ವಿಳಾಸವೊಂದು ಅಚ್ಚಾಗಿರುವದು; ಅಲ್ಲಿಂದ ಆರಂಭಿಸಬೇಕು.